ಗೋಧಿ ಒಗ್ಗದ ಕರುಳು, ಏರುಪೇರಾಗುವ ರಕ್ತ: ಸೀಲಿಯಾಕ್ ಕಾಯಿಲೆಯಲ್ಲಿ ಕೊಲೆಸ್ಟ್ರಾಲ್ ಮತ್ತು ವಿಟಮಿನ್ ಕೊರತೆಯ ನಿರ್ವಹಣೆ

ಕಾರವಾರ: ಬೈತಖೋಲದ ಮೀನುಗಾರಿಕಾ ಬಂದರಿನಲ್ಲಿ ದೋಣಿಗಳಿಂದ ಇಳಿಯುವ ಬಂಗಡೆ, ತಾರ್ಲೆಗಳಲ್ಲಿ ಗೋಧಿಯ ಅಂಶ ಲವಲೇಶವೂ ಇರುವುದಿಲ್ಲ. ಅದೇ ಬಂಗಡೆ ಮಧ್ಯಾಹ್ನದ ಹೊತ್ತಿಗೆ ಪೇಟೆಯ ಖಾನಾವಳಿಯಲ್ಲಿ ರವೆಯಲ್ಲಿ ಹೊರಳಿ, ಕಾವಲಿಯ ಮೇಲೆ ಕೆಂಪಗೆ ಹುರಿದು ತಟ್ಟೆಗೆ ಬರುವಾಗ ಗೋಧಿಯ ಆಹಾರವಾಗಿ ಮಾರ್ಪಟ್ಟಿರುತ್ತದೆ. ಬಹುತೇಕರಿಗೆ ಇದು ಗಮನಿಸಬೇಕಾದ ಸಂಗತಿಯೇ ಅಲ್ಲ. ಆದರೆ ಸೀಲಿಯಾಕ್ ಕಾಯಿಲೆ ಇರುವವರಿಗೆ ರವೆಯ ಆ ತೆಳು ಲೇಪವೂ ಕರುಳಿಗೆ ಹಾನಿ ಉಂಟುಮಾಡಬಲ್ಲದು.

ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನನ್ನು ಜೀವನಪರ್ಯಂತ ತ್ಯಜಿಸುವುದೇ ಈ ಕಾಯಿಲೆಗೆ ಇಂದಿಗೂ ಇರುವ ಸ್ಥಾಪಿತ ಚಿಕಿತ್ಸೆ. ಆದರೆ ಚಪಾತಿ ಬಿಟ್ಟೊಡನೆ ಎಲ್ಲವೂ ಸರಿಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ವರ್ಷಗಟ್ಟಲೆ ಹಾನಿಗೊಂಡ ಕರುಳು ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್‌ಗಳನ್ನು ಹೀರಿಕೊಳ್ಳದೆ ದೇಹವನ್ನು ಬರಿದು ಮಾಡಿರುತ್ತದೆ. ಕರುಳು ಗುಣವಾಗತೊಡಗಿದಾಗ ವಿಟಮಿನ್ ಜತೆಗೆ ಕೊಬ್ಬೂ ಚೆನ್ನಾಗಿ ಹೀರಲ್ಪಡುತ್ತದೆ. ಆಗ ಅಲ್ಲಿಯವರೆಗೆ ಕಡಿಮೆ ಇದ್ದ ಕೊಲೆಸ್ಟ್ರಾಲ್ ಮೇಲೇರಬಹುದು. ಆದ್ದರಿಂದ ವಿಟಮಿನ್ ಕೊರತೆ ಹಾಗೂ ಕೊಲೆಸ್ಟ್ರಾಲ್ ಎರಡನ್ನೂ ಒಟ್ಟಿಗೆ ಗಮನಿಸುವುದು ಅಗತ್ಯ. ಅಕ್ಕಿ ಮತ್ತು ಮೀನಿನ ಕರಾವಳಿಯಲ್ಲಿ ಈ ಕೆಲಸಕ್ಕೆ ಬೇಕಾದ ಬಹುತೇಕ ಸಾಮಗ್ರಿ ಅಡುಗೆಮನೆಯಲ್ಲಿಯೇ ಇದೆ.

ಏನಿದು ಸೀಲಿಯಾಕ್?

ಇದು ಅಲರ್ಜಿಯಲ್ಲ, ಅಂಟುರೋಗವೂ ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ಗ್ಲುಟೆನ್‌ಗೆ ಪ್ರತಿಕ್ರಿಯಿಸುವ ಭರದಲ್ಲಿ ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ನಡೆಸುವ ಸ್ವಯಂನಿರೋಧಕ ಕಾಯಿಲೆ. ಸಣ್ಣ ಕರುಳಿನ ಒಳಗೋಡೆಯ ಮೇಲೆ ಮಖಮಲ್ಲಿನಂತೆ ನಿಂತಿರುವ ಅತಿ ಸೂಕ್ಷ್ಮ ಬೆರಳುಗಳಿಗೆ ವಿಲ್ಲೈ ಎಂದು ಹೆಸರು. ಆಹಾರದ ಸತ್ವವನ್ನು ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಸೀಲಿಯಾಕ್‌ನಲ್ಲಿ ಈ ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಉಂಡದ್ದು ಹೊಟ್ಟೆಗೆ ಸೇರಿದರೂ ಮೈಗೆ ಹತ್ತುವುದಿಲ್ಲ ಎನ್ನುವ ಸ್ಥಿತಿ ಬರುವುದು ಹೀಗೆ.

ಇಂಗ್ಲೆಂಡಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯ ಆಧುನಿಕ ವಿವರಣೆಯನ್ನು ಪ್ರಕಟಿಸಿದರು. ಆದರೆ ಕಾರಣ ತಿಳಿಯಲು ಮತ್ತಷ್ಟು ದಶಕಗಳು ಬೇಕಾದವು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದ ಕ್ಷಾಮದಲ್ಲಿ ಹಾಲೆಂಡಿನಲ್ಲಿ ಬ್ರೆಡ್ ದುರ್ಲಭವಾಯಿತು. ಆಗ ಈ ಕಾಯಿಲೆಯ ಮಕ್ಕಳು ಚೇತರಿಸಿಕೊಂಡು, ಬ್ರೆಡ್ ಮರಳಿದಾಗ ಮತ್ತೆ ಹಾಸಿಗೆ ಹಿಡಿದದ್ದು ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಅವರ ಸಂದೇಹವನ್ನು ಬಲಪಡಿಸಿತು. 1950ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಅವರು ಗೋಧಿಯತ್ತ ಬೆರಳು ತೋರಿದರು.

ದಕ್ಷಿಣದಲ್ಲಿ ವಿರಳ, ಆದರೆ ಇಲ್ಲವೆಂದಲ್ಲ

ಭಾರತದ ಮೂರು ಪ್ರದೇಶಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಸೀಲಿಯಾಕ್‌ಗೆ ಸಂಬಂಧಿಸಿದ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಹಾಗೂ ದಕ್ಷಿಣದಲ್ಲಿ ಕೇವಲ ಶೇ. 0.10 ಮಂದಿಯಲ್ಲಿ ಕಂಡುಬಂದವು. ಕಾಯಿಲೆಗೆ ಎಡೆಮಾಡಿಕೊಡುವ ವಂಶವಾಹಿಗಳು ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಸಮಾನವಾಗಿದ್ದವು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ. ಉತ್ತರದಲ್ಲಿ ಒಬ್ಬರ ದಿನದ ಸರಾಸರಿ ಗೋಧಿ ಬಳಕೆ 455 ಗ್ರಾಂ ಇದ್ದರೆ ದಕ್ಷಿಣದಲ್ಲಿ 25 ಗ್ರಾಂ ಮಾತ್ರ.

ಈ ಅಂಕಿ ಅಂಶಗಳಲ್ಲಿ ಸಮಾಧಾನವೂ ಇದೆ, ಎಚ್ಚರಿಕೆಯೂ ಇದೆ. ಅಕ್ಕಿಯ ಊಟ ದಕ್ಷಿಣದವರನ್ನು ಕಾಪಾಡಿರಬಹುದು. ಆದರೆ ನಗರಗಳ ಊಟ ಈಗ ಅಕ್ಕಿಗಷ್ಟೇ ಸೀಮಿತವಾಗಿಲ್ಲ. ಬೆಳಗ್ಗೆ ಬ್ರೆಡ್ ಅಥವಾ ಉಪ್ಪಿಟ್ಟು, ಸಂಜೆ ಬಿಸ್ಕತ್ತು, ರಾತ್ರಿ ಚಪಾತಿ ಎಂಬುದು ಸಾಮಾನ್ಯ ಕ್ರಮ. ಗೋವಾ ಗಡಿಗೆ ಹೊಂದಿದ ಕಾರವಾರದಲ್ಲಿ ಪಾವ್ ಬಾಜಿಯ ಉಪಾಹಾರವೂ ರೂಢಿಯಲ್ಲಿದೆ. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ ಬಳಿಕ ದೇಶದ ನಾನಾ ಭಾಗಗಳ ಕುಟುಂಬಗಳು, ಗೋಧಿಯೇ ಮುಖ್ಯ ಆಹಾರವಾಗಿರುವ ಉತ್ತರದವರೂ ಸೇರಿ, ಇಲ್ಲಿ ನೆಲೆಸುತ್ತಿವೆ. ಆದ್ದರಿಂದ ಕರಾವಳಿಯಲ್ಲಿ ಈ ಕಾಯಿಲೆ ಬರುವುದೇ ಇಲ್ಲ ಎಂದು ಭಾವಿಸುವುದು ಸರಿಯಲ್ಲ.

ಮತ್ತೊಂದು ಬೆಳವಣಿಗೆಯೂ ಗಮನಾರ್ಹ. ಸಕ್ಕರೆ ಕಾಯಿಲೆ ಅಥವಾ ಕೊಲೆಸ್ಟ್ರಾಲ್ ಎಂದೊಡನೆ ಅನ್ನ ಕಡಿಮೆ ಮಾಡಿ ಚಪಾತಿ ತಿನ್ನಿ, ಬೆಳಗ್ಗೆ ಓಟ್ಸ್ ಕುಡಿಯಿರಿ, ಬಾರ್ಲಿ ನೀರು ಸೇವಿಸಿ ಎಂಬ ಸಲಹೆ ಮನೆಮನೆಯಲ್ಲಿ ಕೇಳಿಬರುತ್ತದೆ. ಇತರರಿಗೆ ಇದು ಒಳ್ಳೆಯ ಸಲಹೆಯೇ ಇರಬಹುದು. ಸೀಲಿಯಾಕ್ ಇರುವವರಿಗೆ ಮಾತ್ರ ಇದು ನೇರವಾಗಿ ಅಪಾಯಕ್ಕೆ ದಾರಿ. ಇಬ್ಬರು ವೈದ್ಯರು ಎರಡು ಕಾಯಿಲೆಗಳನ್ನು ಬೇರೆ ಬೇರೆಯಾಗಿ ನೋಡುವಾಗ ಇಂತಹ ಗೊಂದಲ ಉಂಟಾಗುವ ಸಾಧ್ಯತೆ ಅಧಿಕ. ತಮಗೆ ಸೀಲಿಯಾಕ್ ಇದೆ ಎಂಬುದನ್ನು ಪ್ರತಿಯೊಬ್ಬ ವೈದ್ಯರಿಗೂ ರೋಗಿಯೇ ತಿಳಿಸುವುದು ಕ್ಷೇಮ.

ಲಕ್ಷಣಗಳು ಹೊಟ್ಟೆಯಲ್ಲಿಯೇ ಇರಬೇಕಿಲ್ಲ

ಪದೇ ಪದೇ ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿಕೆ, ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಈ ಕಾಯಿಲೆಯ ಪರಿಚಿತ ಲಕ್ಷಣಗಳು. ಆದರೆ ವಯಸ್ಕರಲ್ಲಿ ಅನೇಕರಿಗೆ ಹೊಟ್ಟೆಯ ತೊಂದರೆ ಇರುವುದೇ ಇಲ್ಲ. ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಸದಾ ಆಯಾಸ, ಮೂಳೆ ನೋವು, ಸಣ್ಣ ಪೆಟ್ಟಿಗೆ ಮುರಿಯುವ ಮೂಳೆ, ಬಾಯಿ ಹುಣ್ಣು, ಕೈಕಾಲು ಜೋಮು, ಬಂಜೆತನ, ಮರಳಿ ಮರಳಿ ಗರ್ಭಪಾತ, ತುರಿಕೆಯ ಗುಳ್ಳೆಗಳು, ಕಾರಣವಿಲ್ಲದೆ ಏರಿದ ಯಕೃತ್ತಿನ ಕಿಣ್ವಗಳು ಇವೆಲ್ಲ ಅದರ ಮುಖಗಳಾಗಿರಬಹುದು. ರಕ್ತಹೀನತೆಗೆ ಜಂತುಹುಳು, ಅಧಿಕ ಮುಟ್ಟಿನ ಸ್ರಾವ, ಪೌಷ್ಟಿಕತೆಯ ಕೊರತೆ ಮೊದಲಾದ ಸಾಮಾನ್ಯ ಕಾರಣಗಳನ್ನೇ ಮೊದಲು ನೋಡಬೇಕು. ಅವೆಲ್ಲ ಇಲ್ಲದೆಯೂ ರಕ್ತಹೀನತೆ ಬಿಡದಿದ್ದರೆ ಸೀಲಿಯಾಕ್ ನೆನಪಾಗಬೇಕು.

ಪತ್ತೆ ಹೇಗೆ?

ಮೊದಲ ಹಂತ ರಕ್ತ ಪರೀಕ್ಷೆ. ಟಿಟಿಜಿ-ಐಜಿಎ ಎಂಬ ಪ್ರತಿಕಾಯವನ್ನು, ಅದರ ಜತೆ ಒಟ್ಟು ಐಜಿಎ ಪ್ರಮಾಣವನ್ನು ಅಳೆಯಲಾಗುತ್ತದೆ. ದೇಹದಲ್ಲಿ ಐಜಿಎ ಕೊರತೆಯೇ ಇದ್ದರೆ ಮೊದಲ ಪರೀಕ್ಷೆ ಸುಳ್ಳು ಭರವಸೆ ನೀಡಬಹುದು ಎಂಬ ಕಾರಣಕ್ಕೆ ಈ ಎರಡನೆಯ ಅಳತೆ. ಬಳಿಕ ಎಂಡೋಸ್ಕೋಪಿ ಮೂಲಕ ಸಣ್ಣ ಕರುಳಿನ ಆರಂಭದ ಭಾಗದಿಂದ ಅಂಗಾಂಶದ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಮತ್ತೊಂದು ಕಾಯಿಲೆಯೂ ಕರುಳಿನಲ್ಲಿ ಇಂತಹುದೇ ಚಿತ್ರ ಮೂಡಿಸುತ್ತದೆ. ಅದರ ಚಿಕಿತ್ಸೆ ಆ್ಯಂಟಿಬಯಾಟಿಕ್ ಮತ್ತು ಫೋಲಿಕ್ ಆಮ್ಲ. ಎರಡರ ನಡುವಿನ ವ್ಯತ್ಯಾಸ ಗುರುತಿಸುವುದು ತಜ್ಞರ ಕೆಲಸ.

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ಪರೀಕ್ಷೆಗೆ ಮುನ್ನ ಗೋಧಿಯನ್ನು ಬಿಡಬಾರದು. ಬಿಟ್ಟರೆ ಪ್ರತಿಕಾಯಗಳು ಇಳಿದು, ಕರುಳು ಸುಧಾರಿಸಿ, ಕಾಯಿಲೆ ಇದ್ದರೂ ಪತ್ತೆಯಾಗದೇ ಹೋಗಬಹುದು. ಯಾರದೋ ಸಲಹೆಯಂತೆ ತಾವಾಗಿಯೇ ಗೋಧಿ ಬಿಟ್ಟು ನೋಡುವ ಪ್ರಯೋಗದಿಂದ ನಷ್ಟವೇ ಹೆಚ್ಚು.

ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಈ ಮಾತಿಗೆ ಇನ್ನಷ್ಟು ತೂಕವಿದೆ. ಕಾರವಾರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ, ವಿಶೇಷ ತಜ್ಞರ ಚಿಕಿತ್ಸೆಗಾಗಿ ಗೋವಾ, ಹುಬ್ಬಳ್ಳಿ, ಮಣಿಪಾಲ, ಮಂಗಳೂರುಗಳತ್ತ ಪಯಣಿಸುವುದು ಇಲ್ಲಿನವರಿಗೆ ಹೊಸದಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಜಿಲ್ಲೆಯ ಜನ ಬೇಡಿಕೆ ಇಡುತ್ತ ಬಂದಿರುವುದೂ ಇದೇ ಕಾರಣಕ್ಕೆ. ಅಷ್ಟು ದೂರ ಹೋಗಿ, ಗೋಧಿ ಬಿಟ್ಟಿದ್ದರಿಂದ ಫಲಿತಾಂಶ ಅಸ್ಪಷ್ಟ ಎಂದು ಹಿಂದಿರುಗುವ ಪ್ರಮೇಯ ಬಾರದಿರಲಿ.

ರೋಗಿಯ ತಂದೆತಾಯಿ, ಒಡಹುಟ್ಟಿದವರು ಹಾಗೂ ಮಕ್ಕಳಿಗೂ ಪರೀಕ್ಷೆ ಮಾಡಿಸುವುದು ಉಚಿತ. ಇಂತಹ ಹತ್ತಿರದ ರಕ್ತಸಂಬಂಧಿಗಳಲ್ಲಿ ಸುಮಾರು ಶೇ. 7.5 ಮಂದಿಗೆ ಈ ಕಾಯಿಲೆ ಇರುವುದು ವಿವಿಧ ಅಧ್ಯಯನಗಳ ಒಟ್ಟು ವಿಶ್ಲೇಷಣೆಯಿಂದ ತಿಳಿದುಬಂದಿದೆ.

ಯಾವ ಯಾವ ಕೊರತೆ?

ಕಬ್ಬಿಣ: ಹಾನಿಗೆ ಮೊದಲು ತುತ್ತಾಗುವ ಸಣ್ಣ ಕರುಳಿನ ಆರಂಭದ ಭಾಗವೇ ಕಬ್ಬಿಣವನ್ನು ಹೀರುವ ಮುಖ್ಯ ತಾಣ. ಹೀಗಾಗಿ ಕಬ್ಬಿಣದ ಕೊರತೆಯೇ ಅತ್ಯಂತ ಸಾಮಾನ್ಯ. ಹಿಮೋಗ್ಲೋಬಿನ್ ಮಾತ್ರವಲ್ಲದೆ ದೇಹದ ಕಬ್ಬಿಣದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆಯೂ ಬೇಕು. ಮಾತ್ರೆ ಹೀರಲ್ಪಡದಿದ್ದರೆ ರಕ್ತನಾಳದ ಮೂಲಕ ಕಬ್ಬಿಣ ನೀಡಲಾಗುತ್ತದೆ.

ಫೋಲೇಟ್ ಮತ್ತು ಬಿ12: ಎರಡೂ ರಕ್ತಕಣಗಳ ತಯಾರಿಕೆಗೆ ಅವಶ್ಯ. ಬಿ12 ಕಡಿಮೆಯಾದರೆ ನರಗಳಿಗೂ ಹಾನಿ. ಬಿ12 ಕೊರತೆ ಇರುವವರು ಅದನ್ನು ಗಮನಿಸದೆ ಫೋಲಿಕ್ ಆಮ್ಲವನ್ನಷ್ಟೇ ಸೇವಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು. ಆದ್ದರಿಂದ ಎರಡನ್ನೂ ಒಟ್ಟಿಗೆ ಪರೀಕ್ಷಿಸಬೇಕು. ಮೀನು, ಮೊಟ್ಟೆ ಮುಟ್ಟದ ಸಸ್ಯಾಹಾರಿ ಕುಟುಂಬಗಳಲ್ಲಿ ಬಿ12 ಬಗ್ಗೆ ವಿಶೇಷ ನಿಗಾ ಅಗತ್ಯ. ಕೈಕಾಲು ಜೋಮು ಹಿಡಿಯುವಷ್ಟು ಕೊರತೆ ಇದ್ದರೆ ಸಾಮಾನ್ಯವಾಗಿ ಚುಚ್ಚುಮದ್ದೇ ಮೊದಲ ಆಯ್ಕೆ.

ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ: ಕೊಬ್ಬಿನೊಂದಿಗೆ ಹೀರಲ್ಪಡುವ ವಿಟಮಿನ್ ಡಿ ಕೊರತೆಯಾದರೆ ಕ್ಯಾಲ್ಸಿಯಂ ಕೂಡ ದೇಹಕ್ಕೆ ದಕ್ಕುವುದಿಲ್ಲ. ಆಗ ದೇಹ ಮೂಳೆಗಳಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಹೊಸದಾಗಿ ಪತ್ತೆಯಾದ ಅನೇಕ ವಯಸ್ಕರಲ್ಲಿ ಮೂಳೆಯ ಸಾಂದ್ರತೆ ಇಳಿದಿರುವುದು ಕಂಡುಬರುತ್ತದೆ. ಅಂಥವರಿಗೆ ಡೆಕ್ಸಾ ಸ್ಕ್ಯಾನ್ ಸೂಚಿಸಲಾಗುತ್ತದೆ.

ವಿಟಮಿನ್ ಎ, ಇ, ಕೆ: ಇವೂ ಕೊಬ್ಬಿನಲ್ಲಿ ಕರಗುವಂಥವು. ಇರುಳುಗುರುಡು, ಸುಲಭವಾಗಿ ಮೈಮೇಲೆ ಮೂಡುವ ನೀಲಿ ಕಲೆಗಳು, ನಿಲ್ಲದ ರಕ್ತಸ್ರಾವ ಇವುಗಳ ಸೂಚನೆಗಳು. ತೀವ್ರ ಕಾಯಿಲೆಯಲ್ಲಿ ಮಾತ್ರ ಹೆಚ್ಚಾಗಿ ಕಾಣುತ್ತವೆ.

ಸತು ಮತ್ತು ತಾಮ್ರ: ಸತುವಿನ ಕೊರತೆಯಿಂದ ರುಚಿ ಕುಂದುವುದು, ಕೂದಲು ಉದುರುವುದು, ಗಾಯ ಬೇಗ ಮಾಯದಿರುವುದು ಉಂಟಾಗುತ್ತದೆ. ದೀರ್ಘಕಾಲ ಹೆಚ್ಚಿನ ಪ್ರಮಾಣದ ಸತುವಿನ ಮಾತ್ರೆ ಸೇವಿಸಿದರೆ ತಾಮ್ರದ ಕೊರತೆ ತಲೆದೋರುವುದರಿಂದ ಇದನ್ನೂ ಸ್ವಯಂ ವೈದ್ಯದಲ್ಲಿ ಬಳಸಬಾರದು.

ಕಡಿಮೆ ಕೊಲೆಸ್ಟ್ರಾಲ್ ಯಾವಾಗಲೂ ಶುಭವಾರ್ತೆಯಲ್ಲ

ಚಿಕಿತ್ಸೆ ಪಡೆಯದ ಸೀಲಿಯಾಕ್ ರೋಗಿಗಳಲ್ಲಿ ಒಟ್ಟು ಕೊಲೆಸ್ಟ್ರಾಲ್ ಹಾಗೂ ಒಳ್ಳೆಯದೆಂದು ಕರೆಯಲಾಗುವ ಎಚ್‌ಡಿಎಲ್ ಎರಡೂ ಸಾಮಾನ್ಯವಾಗಿ ಕಡಿಮೆ ಇರುತ್ತವೆ. ಕರುಳು ಕೊಬ್ಬನ್ನು ಸರಿಯಾಗಿ ಹೀರದಿರುವುದು ಒಂದು ಕಾರಣ. ಎಚ್‌ಡಿಎಲ್ ತಯಾರಿಕೆಗೆ ಬೇಕಾದ ಪ್ರೋಟೀನಿನ ಒಂದು ಭಾಗ ಕರುಳಿನಲ್ಲಿಯೇ ಉತ್ಪತ್ತಿಯಾಗಬೇಕಿರುವುದು ಮತ್ತೊಂದು ಕಾರಣ. ಔಷಧವನ್ನೇನೂ ಸೇವಿಸದ ವ್ಯಕ್ತಿಯಲ್ಲಿ ರಕ್ತಹೀನತೆಯೊಂದಿಗೆ ಅಸಹಜವಾಗಿ ಕಡಿಮೆ ಕೊಲೆಸ್ಟ್ರಾಲ್ ಕಂಡುಬಂದರೆ ಅದನ್ನು ಆರೋಗ್ಯದ ಲಕ್ಷಣವೆಂದು ಬಗೆಯದೆ ಕಾರಣ ಹುಡುಕುವುದು ಲೇಸು.

ಗ್ಲುಟೆನ್ ತ್ಯಜಿಸಿದ ನಂತರ ಚಿತ್ರ ಬದಲಾಗುತ್ತದೆ. ಎಚ್‌ಡಿಎಲ್ ಏರುವುದು ಒಳ್ಳೆಯ ಬೆಳವಣಿಗೆ. ಆದರೆ ಕೆಲವರಲ್ಲಿ ಒಟ್ಟು ಕೊಲೆಸ್ಟ್ರಾಲ್, ಕೆಟ್ಟದೆಂದು ಕರೆಯಲಾಗುವ ಎಲ್‌ಡಿಎಲ್ ಹಾಗೂ ದೇಹದ ತೂಕವೂ ಏರುತ್ತವೆ. ಯಕೃತ್ತಿನಲ್ಲಿ ಕೊಬ್ಬು ಶೇಖರಣೆಯಾಗುವುದೂ ಉಂಟು. ಹಸಿವು ಮರಳುವುದು, ಹೀರಿಕೆ ಸುಧಾರಿಸುವುದು ಇದಕ್ಕೆ ಸಹಜ ಕಾರಣಗಳು. ತಪ್ಪಿಸಬಹುದಾದ ಕಾರಣವೂ ಒಂದಿದೆ: ಪೊಟ್ಟಣದ ಗ್ಲುಟೆನ್‌ರಹಿತ ಬಿಸ್ಕತ್ತು, ಕೇಕ್, ಬ್ರೆಡ್‌ಗಳು. ಗ್ಲುಟೆನ್ ಇಲ್ಲದೆಯೂ ಮೆದುತನ ಹಾಗೂ ರುಚಿ ಬರಲೆಂದು ಇವುಗಳಲ್ಲಿ ಪಿಷ್ಟ, ಕೊಬ್ಬು, ಸಕ್ಕರೆ ಹೆಚ್ಚಿದ್ದು ನಾರು ಕಡಿಮೆ ಇರುವುದು ಸಾಮಾನ್ಯ. ಗ್ಲುಟೆನ್ ಇಲ್ಲ ಎಂಬ ಮುದ್ರೆ ಆರೋಗ್ಯಕರ ಎಂಬ ಮುದ್ರೆಯಲ್ಲ.

ಹೃದಯದ ವಿಷಯದಲ್ಲಿ ನಿರ್ಲಕ್ಷ್ಯ ಸಲ್ಲದು ಎನ್ನುವುದಕ್ಕೆ ಮತ್ತೊಂದು ಆಧಾರವಿದೆ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನ ಸುಮಾರು 4.69 ಲಕ್ಷ ಜನರ ಮಾಹಿತಿ ಆಧರಿಸಿ 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೀಲಿಯಾಕ್ ಇರುವವರಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಸಂಭವ ಇತರರಿಗಿಂತ ಸುಮಾರು ಶೇ. 27ರಷ್ಟು ಹೆಚ್ಚಿತ್ತು. ಅವರಲ್ಲಿ ತೂಕ, ರಕ್ತದೊತ್ತಡ, ಕೊಲೆಸ್ಟ್ರಾಲ್ ಮುಂತಾದ ಪರಿಚಿತ ಅಪಾಯಕಾರಿ ಅಂಶಗಳು ಕಡಿಮೆ ಇದ್ದರೂ ಈ ಫಲಿತಾಂಶ ಬಂದದ್ದು ವಿಶೇಷ. ಕಾಯಿಲೆಯ ಉರಿಯೂತವೇ ಇದಕ್ಕೆ ಕಾರಣವಿರಬಹುದೆಂಬುದು ಊಹೆ.

ಎಲ್‌ಡಿಎಲ್ ಏರಿದಾಗ ಮೊದಲು ನೋಡಬೇಕಾದದ್ದು ಥೈರಾಯ್ಡ್. ಸೀಲಿಯಾಕ್ ಇರುವವರಲ್ಲಿ ಸ್ವಯಂನಿರೋಧಕ ಥೈರಾಯ್ಡ್ ಕಾಯಿಲೆ ಹೆಚ್ಚು. ಥೈರಾಯ್ಡ್ ಮಂದವಾದರೆ ಕೊಲೆಸ್ಟ್ರಾಲ್ ತಾನಾಗಿ ಏರುತ್ತದೆ, ಅದನ್ನು ಸರಿಪಡಿಸಿದರೆ ಇಳಿಯುತ್ತದೆ. ಕರುಳು ಹಾನಿಗೊಂಡಿರುವಾಗ ಥೈರಾಯ್ಡ್ ಮಾತ್ರೆಯೂ ಸರಿಯಾಗಿ ಹೀರಲ್ಪಡದೆ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಕರುಳು ಸುಧಾರಿಸಿದ ಮೇಲೆ ಅದೇ ಪ್ರಮಾಣ ಅಧಿಕವಾಗಬಹುದು.

ಸೀಲಿಯಾಕ್ ಇದೆ ಎಂಬ ಒಂದೇ ಕಾರಣಕ್ಕೆ ಸ್ಟ್ಯಾಟಿನ್ ಮಾತ್ರೆ ಬೇಡವೆಂದಾಗಲಿ, ಬೇಕೆಂದಾಗಲಿ ನಿರ್ಧರಿಸಲಾಗದು. ವಯಸ್ಸು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಕುಟುಂಬದ ಹಿನ್ನೆಲೆ ಎಲ್ಲವನ್ನೂ ತೂಗಿ ವೈದ್ಯರು ತೀರ್ಮಾನಿಸುತ್ತಾರೆ. ಈಗಾಗಲೇ ಸೇವಿಸುತ್ತಿರುವವರು ತಾವಾಗಿ ನಿಲ್ಲಿಸಬಾರದು.

ಕರಾವಳಿಯ ತಟ್ಟೆಯಲ್ಲಿ ಏನಿರಬೇಕು?

ಪಂಜಾಬ್, ಹರಿಯಾಣದ ರೋಗಿಗೆ ಗೋಧಿ ಬಿಡುವುದೆಂದರೆ ಊಟದ ಬಹುಭಾಗವನ್ನೇ ಬಿಟ್ಟಂತೆ. ಕಾರವಾರ, ಅಂಕೋಲಾದ ರೋಗಿಗೆ ಹಾಗಲ್ಲ. ಇಡ್ಲಿ, ದೋಸೆ, ನೀರುದೋಸೆ, ತೆಳ್ಳೇವು, ಕಡುಬು, ಅಕ್ಕಿ ರೊಟ್ಟಿ, ಒತ್ತು ಶಾವಿಗೆ, ಗಂಜಿ ಎಲ್ಲವೂ ಅಕ್ಕಿಯವು. ಪಡಿತರದ ಅಕ್ಕಿಯೂ ಗ್ಲುಟೆನ್ ಇಲ್ಲದ್ದೇ. ದುಬಾರಿ ಪೊಟ್ಟಣಗಳ ಅವಶ್ಯಕತೆ ಇಲ್ಲದೆ ಚಿಕಿತ್ಸೆ ನಡೆಸಬಹುದಾದ ಅನುಕೂಲ ಇಲ್ಲಿದೆ.

ಆದರೆ ಬಿಳಿ ಅನ್ನವೊಂದನ್ನೇ ನೆಚ್ಚಿಕೊಂಡರೆ ನಾರು, ಬಿ ವಿಟಮಿನ್‌ಗಳು ಸಾಲುವುದಿಲ್ಲ. ಕುಚಲಕ್ಕಿಯಲ್ಲಿ ಬಿ ವಿಟಮಿನ್‌ಗಳು ಹೆಚ್ಚು ಉಳಿದಿರುತ್ತವೆ. ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ ಇವೆಲ್ಲ ಗ್ಲುಟೆನ್‌ರಹಿತ ಧಾನ್ಯಗಳೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು ಆರಂಭದ ತಿಂಗಳುಗಳಲ್ಲಿ ಕೆಲವರಿಗೆ ಒಗ್ಗುವುದಿಲ್ಲ. ಹಾಲಿನ ಸಕ್ಕರೆ ಜೀರ್ಣಿಸುವ ಕಿಣ್ವ ಇರುವುದೂ ಅದೇ ಹಾನಿಗೊಂಡ ಬೆರಳುಗಳ ತುದಿಯಲ್ಲಿ. ಆಗ ರಾಗಿ ಅಂಬಲಿ, ಮೊಸರು, ಮಜ್ಜಿಗೆ ನೆರವಿಗೆ ಬರುತ್ತವೆ. ಕರುಳು ಗುಣವಾದಂತೆ ಹೆಚ್ಚಿನವರಿಗೆ ಹಾಲೂ ಒಗ್ಗುತ್ತದೆ.

ಬಂಗಡೆ ಮತ್ತು ತಾರ್ಲೆ ಈ ಎರಡೂ ಸಮಸ್ಯೆಗೆ ಒಟ್ಟಿಗೆ ಒದಗುವ ಆಹಾರ. ಪ್ರೋಟೀನ್, ಬಿ12, ವಿಟಮಿನ್ ಡಿ ಜತೆಗೆ ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬು ಇವುಗಳಲ್ಲಿದೆ. ಈ ಕೊಬ್ಬು ಮುಖ್ಯವಾಗಿ ಟ್ರೈಗ್ಲಿಸರೈಡ್ ಇಳಿಸುತ್ತದೆ. ಮುಳ್ಳು ಸಹಿತ ತಿನ್ನಬಹುದಾದ ಸಣ್ಣ ಮೀನುಗಳಿಂದ ಕ್ಯಾಲ್ಸಿಯಂ ದೊರೆಯುತ್ತದೆ. ನದಿಮುಖಜಗಳ ಚಿಪ್ಪಿಕಲ್ಲುಗಳಲ್ಲಿ ಬಿ12 ಹಾಗೂ ಕಬ್ಬಿಣ ಹೇರಳ. ಹುರಿಯುವುದಕ್ಕಿಂತ ಸಾರು ಅಥವಾ ಆವಿಯಲ್ಲಿ ಬೇಯಿಸಿದ ಅಡುಗೆ ಉತ್ತಮ. ಹುರಿಯಲೇಬೇಕಿದ್ದರೆ ರವೆಯ ಬದಲು ಅಕ್ಕಿ ಹಿಟ್ಟು ಸಾಕು. ಆದರೆ ರವೆ ಹಾಕಿದ ಮೀನು ಹುರಿದ ಎಣ್ಣೆಯಲ್ಲಿ ಅಕ್ಕಿ ಹಿಟ್ಟಿನ ಮೀನನ್ನು ಹುರಿದರೆ ಪ್ರಯೋಜನವಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ತಾಜಾ ಮೀನು ವಿರಳವಾಗುವ ಈ ಅವಧಿಯಲ್ಲಿಯೇ ಮುಗಿಲು ಕವಿದು ಬಿಸಿಲೂ ಇಲ್ಲವಾಗುತ್ತದೆ. ವಿಟಮಿನ್ ಡಿ ಕೊರತೆ ಇರುವವರು ಮಳೆಗಾಲದಲ್ಲಿ ಮಾತ್ರೆ ಮರೆಯಬಾರದು. ಒಣಮೀನಿನಲ್ಲಿ ಉಪ್ಪು ಅಧಿಕವಾಗಿರುವುದರಿಂದ ರಕ್ತದೊತ್ತಡ ಇರುವವರು ಮಿತಿ ಪಾಲಿಸಬೇಕು. ಮೊಟ್ಟೆ, ಮೊಸರು ಈ ತಿಂಗಳುಗಳಲ್ಲಿ ಪರ್ಯಾಯ.

ಹರಿವೆ, ಬಸಳೆ, ನುಗ್ಗೆ ಸೊಪ್ಪುಗಳಲ್ಲಿ ಫೋಲೇಟ್ ಇದೆ. ಹುರುಳಿ, ಹೆಸರು, ಕಡಲೆ, ಅಲಸಂದೆಗಳ ನಾರು ಎಲ್‌ಡಿಎಲ್ ಇಳಿಸಲು ಸಹಕಾರಿ. ಓಟ್ಸ್, ಬಾರ್ಲಿ ನೀಡುವ ಲಾಭವನ್ನು ಹೀಗೆ ಬೇಳೆಕಾಳುಗಳಿಂದಲೂ ಇಸಬ್‌ಗೋಲ್‌ನಿಂದಲೂ ಪಡೆಯಬಹುದು. ಓಟ್ಸ್‌ನಲ್ಲಿ ಸ್ವತಃ ಗೋಧಿಯ ಗ್ಲುಟೆನ್ ಇಲ್ಲದಿದ್ದರೂ ಸಂಸ್ಕರಣೆಯ ವೇಳೆ ಗೋಧಿ ಬೆರೆಯುವುದು ಸಾಮಾನ್ಯ.

ತೆಂಗಿನೆಣ್ಣೆಯ ವಿಷಯದಲ್ಲಿ ಕರಾವಳಿಗರ ಅಭಿಮಾನ ಸಹಜ. ಆದರೆ ಇತರ ಸಸ್ಯಜನ್ಯ ಎಣ್ಣೆಗಳಿಗೆ ಹೋಲಿಸಿದರೆ ಅದು ಎಲ್‌ಡಿಎಲ್ ಏರಿಸುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಎಲ್‌ಡಿಎಲ್ ಹೆಚ್ಚಿರುವವರು ಒಗ್ಗರಣೆಗೆ ಮಾತ್ರ ತೆಂಗಿನೆಣ್ಣೆ ಇಟ್ಟುಕೊಂಡು, ದಿನನಿತ್ಯದ ಅಡುಗೆಗೆ ಶೇಂಗಾ, ಎಳ್ಳು ಅಥವಾ ಸೂರ್ಯಕಾಂತಿ ಎಣ್ಣೆ ಬಳಸುವುದು ವಿಹಿತ.

ಅಡಗಿ ಕುಳಿತ ಗೋಧಿ

ಇಂಗು: ಮಾರುಕಟ್ಟೆಯಲ್ಲಿ ದೊರೆಯುವ ಇಂಗಿನಲ್ಲಿ ಶುದ್ಧ ಇಂಗಿನ ಜತೆ ಗೋಧಿ ಹಿಟ್ಟು ಅಥವಾ ಮೈದಾ ಬೆರೆಸಿರುವುದು ಸಾಮಾನ್ಯ. ಸಾರು, ಸಾಂಬಾರು, ತಂಬುಳಿ, ಉಪ್ಪಿನಕಾಯಿ, ಹಪ್ಪಳ ಎಲ್ಲದರಲ್ಲೂ ಇಂಗು ಇರುತ್ತದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗನ್ನು ಪೊಟ್ಟಣ ಓದಿ ಆರಿಸಬೇಕು, ಇಲ್ಲವೇ ಬೆಳ್ಳುಳ್ಳಿ, ಶುಂಠಿ ಬಳಸಬೇಕು.

ಗಿರಣಿ: ಗೋಧಿ ಬೀಸಿದ ಯಂತ್ರದಲ್ಲಿಯೇ ರಾಗಿ, ಅಕ್ಕಿ ಬೀಸಿದರೆ ಗೋಧಿಯ ಪುಡಿ ಬೆರೆಯುವುದು ನಿಶ್ಚಿತ. ಮನೆಯಲ್ಲಿ ಮಿಕ್ಸರ್‌ನಲ್ಲಿ ಬೀಸುವುದು ಅಥವಾ ನೆನೆಸಿ ರುಬ್ಬುವ ಅಡುಗೆ ಮಾಡುವುದು ಸುರಕ್ಷಿತ.

ತಿಂಡಿಗಳು: ಗೋಳಿಬಜೆ, ಬನ್ಸ್, ಶಿರಾ, ರವೆ ಇಡ್ಲಿ, ರವೆ ದೋಸೆ, ಹೋಳಿಗೆ, ಬೇಕರಿ ಪದಾರ್ಥ ಎಲ್ಲವೂ ಗೋಧಿಯವು. ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ, ಸೋಯಾ ಸಾಸ್‌ನಲ್ಲಿ ಗೋಧಿ, ಬಿಯರ್‌ನಲ್ಲಿ ಬಾರ್ಲಿ ಇರುತ್ತದೆ.

ಪ್ರಸಾದ: ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯ ಗೋಧಿ ರವೆಯದ್ದು. ಚರ್ಚ್‌ನಲ್ಲಿ ನೀಡುವ ಪರಮಪ್ರಸಾದದ ಅಪ್ಪವೂ ಗೋಧಿಯದ್ದೇ. ಚಿಟಿಕೆಯಷ್ಟು ಎಂದು ಒತ್ತಾಯಿಸುವವರಿಗೆ ಕಾಯಿಲೆಯ ಸ್ವರೂಪ ತಿಳಿಸಿ ಹೇಳಬೇಕು. ಪಂಚಕಜ್ಜಾಯ, ಹಣ್ಣು, ತೀರ್ಥಕ್ಕೆ ಅಡ್ಡಿಯಿಲ್ಲ. ಚರ್ಚ್‌ಗಳಲ್ಲಿ ಅತಿ ಕಡಿಮೆ ಗ್ಲುಟೆನ್‌ನ ಅಪ್ಪಕ್ಕೆ ಅವಕಾಶವಿದೆ, ಗುರುಗಳಲ್ಲಿ ಮೊದಲೇ ವಿಚಾರಿಸಬಹುದು.

ಲೇಬಲ್: ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್‌ರಹಿತ ಎಂದು ಮುದ್ರಿಸಬೇಕಾದರೆ ಒಂದು ಕಿಲೋ ಆಹಾರದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರುವಂತಿಲ್ಲ. ಪೊಟ್ಟಣದ ಆಹಾರದಲ್ಲಿ ಗ್ಲುಟೆನ್ ಇರುವ ಧಾನ್ಯವಿದ್ದರೆ ಅದನ್ನು ಅಲರ್ಜಿಕಾರಕಗಳ ಪಟ್ಟಿಯಲ್ಲಿ ನಮೂದಿಸಬೇಕು.

ಔಷಧ: ಕೆಲವು ಮಾತ್ರೆಗಳಲ್ಲಿ ಬಂಧಕವಾಗಿ ಪಿಷ್ಟ ಬಳಸಲಾಗುತ್ತದೆ. ಹೆಚ್ಚಿನವು ಮೆಕ್ಕೆಜೋಳ ಅಥವಾ ಆಲೂಗಡ್ಡೆಯ ಪಿಷ್ಟ. ಆದರೂ ದೀರ್ಘಕಾಲ ಸೇವಿಸುವ ಮಾತ್ರೆಯಾದರೆ ಔಷಧ ವ್ಯಾಪಾರಿಯಲ್ಲಿ ಕೇಳಿ ಖಚಿತಪಡಿಸಿಕೊಳ್ಳಬೇಕು.

ಮಾತ್ರೆ ಸೇವನೆಯ ಕ್ರಮ

ಕಬ್ಬಿಣದ ಮಾತ್ರೆಯನ್ನು ಚಹಾ, ಕಾಫಿ, ಹಾಲು ಅಥವಾ ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಸೇವಿಸಿದರೆ ಹೀರಿಕೆ ಕುಗ್ಗುತ್ತದೆ. ಲಿಂಬೆ ರಸದಂತಹ ವಿಟಮಿನ್ ಸಿ ಇರುವ ಪದಾರ್ಥ ಸಹಕಾರಿ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ನಡುವೆ 4 ಗಂಟೆಗಳ ಅಂತರ ಇರಬೇಕು. ವಿಟಮಿನ್ ಡಿ ಮಾತ್ರೆಯನ್ನು ಊಟದೊಂದಿಗೆ ಸೇವಿಸುವುದು ಉತ್ತಮ. ವಿಟಮಿನ್ ಎ ಮತ್ತು ಡಿ ದೇಹದಲ್ಲಿ ಸಂಗ್ರಹವಾಗುವುದರಿಂದ ಅತಿಯಾದರೆ ವಿಷವಾಗುತ್ತವೆ. ವಾರಕ್ಕೊಮ್ಮೆ ನುಂಗಲು ಹೇಳಿದ ಮಾತ್ರೆಯನ್ನು ದಿನವೂ ನುಂಗಬಾರದು. ರಕ್ತ ತೆಳುಗೊಳಿಸುವ ವಾರ್ಫರಿನ್ ಸೇವಿಸುವವರು ವೈದ್ಯರನ್ನು ಕೇಳದೆ ವಿಟಮಿನ್ ಕೆ ಇರುವ ಮಾತ್ರೆ ಆರಂಭಿಸಬಾರದು.

ಯಾವಾಗ, ಯಾವ ಪರೀಕ್ಷೆ?

ಕಾಯಿಲೆ ಪತ್ತೆಯಾದಾಗ: ಸಂಪೂರ್ಣ ರಕ್ತಕಣ ಎಣಿಕೆ, ಫೆರಿಟಿನ್, ಫೋಲೇಟ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಸತು, ಯಕೃತ್ತಿನ ಪರೀಕ್ಷೆ, ಥೈರಾಯ್ಡ್, ಸಕ್ಕರೆ, ಲಿಪಿಡ್ ಪ್ರೊಫೈಲ್. ಅಗತ್ಯವಿದ್ದರೆ ಡೆಕ್ಸಾ ಸ್ಕ್ಯಾನ್.

3ರಿಂದ 6 ತಿಂಗಳಲ್ಲಿ: ಮೊದಲು ಕಡಿಮೆ ಇದ್ದ ಅಂಶಗಳ ಮರುಪರೀಕ್ಷೆ, ತೂಕದ ಅಳತೆ, ಆಹಾರಕ್ರಮದ ಅವಲೋಕನ, ಟಿಟಿಜಿ ಪ್ರತಿಕಾಯ.

12 ತಿಂಗಳಲ್ಲಿ: ಟಿಟಿಜಿ, ರಕ್ತಕಣ, ವಿಟಮಿನ್‌ಗಳೊಂದಿಗೆ ಲಿಪಿಡ್ ಪ್ರೊಫೈಲ್ ಅನ್ನು ಮರೆಯದೆ ಮತ್ತೊಮ್ಮೆ ಮಾಡಿಸುವುದು. ಪತ್ತೆಯಾದ ದಿನದ ವರದಿಯನ್ನು ಇದರೊಂದಿಗೆ ಹೋಲಿಸಿದಾಗಲೇ ನಿಜವಾದ ಚಿತ್ರ ಸಿಗುತ್ತದೆ. ಬಳಿಕ ವರ್ಷಕ್ಕೊಮ್ಮೆ ತಪಾಸಣೆ.

ಮಕ್ಕಳ ಕರುಳು ಬೇಗ ಗುಣವಾಗುತ್ತದೆ. ವಯಸ್ಕರಲ್ಲಿ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯಬಹುದು. ಪಥ್ಯ ಪಾಲಿಸಿದರೂ ಕೊರತೆ ನೀಗದಿದ್ದರೆ ಮೊದಲು ಶಂಕಿಸಬೇಕಾದದ್ದು ಎಲ್ಲಿಂದಲೋ ನುಸುಳುತ್ತಿರುವ ಗ್ಲುಟೆನ್ ಅನ್ನು. ಮಾತ್ರೆಯ ಪ್ರಮಾಣ ಏರಿಸುವ ಮುನ್ನ ಇಂಗಿನ ಡಬ್ಬಿ, ಗಿರಣಿಯ ಹಿಟ್ಟು, ಖಾನಾವಳಿಯ ಕಾವಲಿಗಳನ್ನು ಪರಿಶೀಲಿಸುವುದು ಜಾಣತನ.

ಕಾಯಿಲೆ ಇಲ್ಲದವರು ಮಾತ್ರ ಫ್ಯಾಷನ್ನಿಗಾಗಿ ಗ್ಲುಟೆನ್ ಬಿಡಬೇಕಾದ ಅಗತ್ಯವಿಲ್ಲ. ಇರುವವರು ಭಯಪಡಬೇಕಾದದ್ದೂ ಇಲ್ಲ. ಮೀನಿನ ಸಾರು, ಕುಚಲಕ್ಕಿ ಅನ್ನ, ಹರಿವೆ ಪಲ್ಯ, ಒಂದು ಲೋಟ ಮಜ್ಜಿಗೆಯ ಊಟಕ್ಕೆ ಯಾವ ಮುದ್ರೆಯೂ ಬೇಕಿಲ್ಲ. ವರ್ಷಕ್ಕೊಮ್ಮೆಯ ರಕ್ತ ಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು.

(ಸೂಚನೆ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಪರೀಕ್ಷೆ, ಔಷಧ ಹಾಗೂ ಪಥ್ಯದ ಬಗ್ಗೆ ವೈದ್ಯರ ಸಲಹೆ ಪಡೆಯುವುದು ಕಡ್ಡಾಯ.)